ಚೂಟಿಯ ಹಾಸಿಗೆಯ ಸುದ್ದಿ

ಮನೆ,
ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದಿಕೊಳ್ಳುತ್ತಿತ್ತಲ್ಲ, ಕಡಿಮೆಯಾಯಿತೇ? ಡ್ಯೂಟಿ ಮುಗಿಸಿ ಬಂದವಳು ಏನಾದರೂ ತಿಂದೇ ಮಲಗು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಫೋನಿರುವಾಗ ಈ ಮುದುಕಿಗೆ ಕಾಗದದ ಚಪಲವೇಕೆ ಎಂದು ನಗಬೇಡ. ಫೋನಿನಲ್ಲಿ ಏನು ಕಳಿಸಿದರೂ ಅದು ನಿನ್ನ ಹತ್ತಿರ ನಿಲ್ಲುವುದಿಲ್ಲ ಎಂದು ಈಗ ಗೊತ್ತಾಗಿದೆ.

ಹೌದು, ನನಗೆ ಸಿಟ್ಟು ಬಂದಿದೆ. ಮೈಯೆಲ್ಲ ಉರಿಯುತ್ತಿದೆ. ನೀನು ಕೆಲಸಕ್ಕೆಂದು ಅಷ್ಟು ದೂರ ಹೋದಮೇಲೆ ನಿನ್ನ ಮಗಳು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ. ಏಳು ವರ್ಷದ ಮಗು, ಅಮ್ಮ ಹತ್ತಿರವಿಲ್ಲ, ಆಗುತ್ತದೆ. ಬೆಳಿಗ್ಗೆ ತಾನೇ ಬೆಡ್‌ಶೀಟ್ ಎಳೆದುಕೊಂಡು ಹೋಗಿ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಆ ಪುಟ್ಟ ದೊಡ್ಡಸ್ತಿಕೆ ಕಂಡು ಕರುಳು ಚುರ್ರೆಂದಿತು, ನೀನೂ ನೋಡಲಿ ಎಂದು ವಿಡಿಯೋ ಮಾಡಿ ಕಳಿಸಿದೆ. ಕಳಿಸಿದ್ದು ತಾಯಿಗೆ. ನೀನು ಅದಕ್ಕೆ ನಗುವ ಮುಖಗಳನ್ನು ಅಂಟಿಸಿ, ಹಾಡು ಕೂಡಿಸಿ, 'ನಮ್ಮನೆ ಜಲಪಾತ' ಎಂದು ಬರೆದು ಊರಿಗೆಲ್ಲ ಹಂಚಿದೆ! ಅವಳ ಹಿಂದೆ ಮೊಳೆಗೆ ನೇತುಹಾಕಿದ್ದ ಶಾಲೆಯ ಚೀಲ, ಅದರ ಮೇಲಿನ ಹೆಸರು ಸಮೇತ. ಅವಳ ತರಗತಿಯ ಯಾರದೋ ಅಮ್ಮ ನೋಡಿದ್ದಾಳೆ, ತನ್ನ ಮಗನಿಗೂ ತೋರಿಸಿದ್ದಾಳೆ. ಈಗ ಶಾಲೆಯ ವ್ಯಾನ್ ಬಂದು ನಿಂತರೆ ಒಳಗಿನಿಂದ 'ಜಲಪಾತ ಬಂತು, ಸರ್ಕೊಳ್ರೋ' ಎಂಬ ಕೂಗು. ಬುಧವಾರದಿಂದ ನಮ್ಮ ಚೂಟಿ ಬಚ್ಚಲ ಬಾಗಿಲು ಹಾಕಿಕೊಂಡು ಕೂರುತ್ತಾಳೆ, ವ್ಯಾನ್ ಹೋದಮೇಲೇ ಹೊರಗೆ ಬರುತ್ತಾಳೆ.

'ಎಲ್ರೂ ಹಾಕ್ತಾರಮ್ಮ, ನಾಲ್ಕು ಜನ ನಕ್ರು, ಅಷ್ಟೇ' ಎಂದೆ ನೀನು. ನಗಿಸಬೇಕಿದ್ದರೆ ನಿನ್ನದೇ ಏನಾದರೂ ಹಾಕಬೇಕಿತ್ತು. ಒಂಬತ್ತನೇ ತರಗತಿಯಲ್ಲಿ ನೀನು ಗಣಿತದಲ್ಲಿ ಡುಮ್ಕಿ ಹೊಡೆದದ್ದು ನಿನ್ನ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ, ಯಾಕೆ ಹೇಳು? ನಾನು ಬಾಯಿ ಬಿಟ್ಟಿಲ್ಲ. ಬಾಯಿಬಡುಕಿ ಎಂದು ಹೆಸರಾದವಳು ನಾನು. ಆದರೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತಷ್ಟು ವರ್ಷ, ಯಾರ ಮನೆಯ ಜಗಳ ಕಿವಿಗೆ ಬಿದ್ದರೂ ನಿಮ್ಮಪ್ಪನ ಹತ್ತಿರವೂ ಒಂದಕ್ಷರ ಉಸುರಲಿಲ್ಲ. ನೀನಾದರೂ ಏನು ಕಡಿಮೆ? ನಿನ್ನ ರೋಗಿಗಳ ಹೆಸರನ್ನು ನನಗೂ ಹೇಳುವುದಿಲ್ಲ, ಆಸ್ಪತ್ರೆಯ ನಿಯಮ ಅನ್ನುತ್ತೀ. ಹಾಗಾದರೆ ನಿನ್ನ ಮಗಳು ಯಾವ ವಾರ್ಡಿನಲ್ಲಿ ಮಲಗಿದರೆ ಆ ನಿಯಮ ಅವಳಿಗೂ ಸಿಗುತ್ತದೆ?

ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದು ಹೇಳುತ್ತಿದ್ದೇನೆ. ಅವಳದ್ದು ಏನೇನು ಹಾಕಿದ್ದೀಯೋ ಎಲ್ಲವನ್ನೂ ಅಳಿಸು. ಅಳಿಸಿದರೂ ಅದು ಯಾರ್ಯಾರ ಫೋನಿನಲ್ಲಿ ಉಳಿದಿದೆಯೋ, ನೀನೂ ಹಿಡಿಯಲಾರೆ, ನಾನೂ ಹಿಡಿಯಲಾರೆ. ಇನ್ನು ನನ್ನಿಂದ ಒಂದು ಫೋಟೋವೂ ಬರುವುದಿಲ್ಲ. ಬೈದೆನೆಂದು ಊಟ ಬಿಡಬೇಡ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಬಾಯಿಬಡುಕಿ ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಚೂಟಿ ಬಂದು ಕಿವಿಯಲ್ಲಿ ಒಂದು ಗುಟ್ಟು ಹೇಳಿದಳು. ಗಾಬರಿಯಾಗುವಂಥದ್ದಲ್ಲ, ಆದರೆ ತಾಯಿಯೇ ಮೊದಲು ಕೇಳಬೇಕಾದ ಮಾತು. ಅಮ್ಮನಿಗೆ ಬರೆಯಲೇ ಎಂದೆ. 'ಬೇಡ ಅಜ್ಜೀ, ಅಮ್ಮ ಎಲ್ರಿಗೂ ಹೇಳ್ಬಿಡ್ತಾಳೆ' ಎಂದಳು. ನಾನು ಅವಳಿಗೆ ಮಾತು ಕೊಟ್ಟಿದ್ದೇನೆ. ಏನೆಂದು ನನ್ನನ್ನು ಕೇಳಬೇಡ.