ಗೋಪುರದ ಮೇಲಿಂದ ಕಂಡವನು

ಅಕ್ಟೋಬರ್ 19, 2009

ಪ್ರೀತಿಯ ಚುನ್‌ರೋಂಗ್ ಅಕ್ಕನಿಗೆ,

ನಿನ್ನ ಕೆಮ್ಮು ಹೇಗಿದೆ? ಭಾವ ಹಗಲು ಕುಡಿಯುವುದನ್ನಾದರೂ ಬಿಟ್ಟರೇ? ಉತ್ತರ ಇಷ್ಟು ತಡವಾಯಿತೆಂದು ಬೈಯಬೇಡ. ಎರಡು ಸಲ ಬರೆದು ಹರಿದುಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದೊಡನೆ ಅತ್ತುಬಿಡುತ್ತೇನೆ.

ರಜೆಯಲ್ಲಿ ಲಾಂಗ್‌ಜೊಂಗ್‌ಗೆ ಹೋಗಿದ್ದೆವು. ಮಾವೊಲಿನ್ ನನ್ನ ಕೈಹಿಡಿದ ಮೇಲೆ ನಾವು ಮೂವರೂ ಊರು ನೋಡಲೆಂದು ಹೊರಟದ್ದು ಇದೇ ಮೊದಲು. ಹಳೇ ಬೀದಿಗಳ ತುಂಬಾ ವಿನೆಗರ್‌ನ ಹುಳಿ ವಾಸನೆ. ಶಿಯಾವೋಮಾನ್ ಮೂಗು ಹಿಡಿದುಕೊಂಡು, "ಅಮ್ಮಾ, ಇಡೀ ಊರನ್ನೇ ಉಪ್ಪಿನಕಾಯಿ ಹಾಕಿದಾರಾ?" ಎಂದಳು. ಮಾವೊಲಿನ್ ದನದ ಮಾಂಸದ ಗೊಜ್ಜು ಸುರಿದ ನೂಡಲ್ಸ್ ಹೊಟ್ಟೆ ಬಿರಿಯೆ ತಿಂದು, "ಇನ್ನೊಂದು ಬಟ್ಟಲಿಗೆ ಜಾಗ ಆಗ್ಬೇಕು, ಗೋಪುರ ಹತ್ತೋಣ ನಡೀರಿ" ಎಂದ.

ಮೇಲಿಂದ ನೋಡಿದರೆ ಬೂದು ಹೆಂಚಿನ ಮಾಡುಗಳು, ಆಚೆ ನದಿ. ಮಗಳಿಗೆ ದೋಣಿ ತೋರಿಸಲೆಂದು ಬಗ್ಗಿದೆ. ಕೆಳಗೆ, ನಾವು ಆಗಷ್ಟೇ ಉಂಡೆದ್ದ ಅಂಗಡಿಯ ಮುಂದೆ ಶೌಗಾಂಗ್ ನಿಂತಿದ್ದ.

ವಿಚ್ಛೇದನವಾಗಿ ಐದು ವರ್ಷ. ಆದರೂ ಆ ಹೆಗಲು ಕಂಡೊಡನೆ, ಅವನು ಮುರಿದಿದ್ದ ನನ್ನ ಮಣಿಕಟ್ಟು ನೋಯತೊಡಗಿತು. ಸುಮ್ಮನೆ ನಿಂತಿರಲಿಲ್ಲ ಅವನು. ಹಾದುಹೋಗುವ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ.

ಮಾವೊಲಿನ್‌ಗೆ ಹೇಳಲಿಲ್ಲ. ಹೇಳಿದ್ದರೆ ನೇರ ಅವನೆದುರು ಹೋಗಿ ನಿಲ್ಲುತ್ತಿದ್ದ. "ಹೊಟ್ಟೆ ನೋಯ್ತಿದೆ, ಬಸ್ ಹಿಡಿಯೋಣ" ಎಂದೆ. ಹಿಂದಿನ ಓಣಿಯಲ್ಲಿ ಅವಸರವಾಗಿ ಹೋಗುತ್ತಿರುವಾಗ ಮಗಳು ಹಬೆಯಲ್ಲಿ ಬೇಯಿಸುವ ಸಿಹಿ ಬನ್ ಕಂಡು ಹಠ ಹಿಡಿದಳು. ಅಲ್ಲಿ ನಿಂತದ್ದೇ ತಪ್ಪಾಯಿತು.

"ಎಷ್ಟು ಎತ್ತರ ಬೆಳೆದಿದ್ದೀಯೇ! ಅಪ್ಪನ ಗುರುತು ಸಿಗ್ಲಿಲ್ವಾ?" ನನ್ನ ಬೆನ್ನ ಹಿಂದಿನಿಂದ ಬಂದು ಅವನು ಮಗಳ ಮೊಣಕೈ ಹಿಡಿದ.

ಶಿಯಾವೋಮಾನ್ ಮಾವೊಲಿನ್‌ನ ಅಂಗಿಗೆ ಜೋತುಬಿದ್ದಳು. "ಅಪ್ಪಾ, ಇವರು ಯಾರು?"

ಆ ಮಾತಿಗೆ ಶೌಗಾಂಗ್‌ನ ಮುಖ ಕಪ್ಪಿಟ್ಟಿತು. ಮಾವೊಲಿನ್ ನನ್ನ ಮುಖ ನೋಡಿದ, ಯಾರೆಂದು ಹೇಳಬೇಕಾಗಲಿಲ್ಲ.

"ಕೈ ಬಿಡಿ," ಎಂದ ಮೆಲ್ಲಗೆ.

"ನನ್ನ ರಕ್ತ ಕಣೋ ಅದು. ನೀನ್ಯಾವನು?"

ಕೂಗಿದವಳು ನಾನಲ್ಲ ಅಕ್ಕ, ಬನ್ ಮಾರುವ ಹೆಂಗಸು. "ಏಯ್! ಮಗು ಅಳ್ತಿರೋದು ಕಾಣ್ಸಲ್ವಾ? ಬಿಡ್ತೀಯೋ, ಈ ಕುದಿಯೋ ನೀರು ತಲೆ ಮೇಲೆ ಸುರೀಲೋ?" ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅವನು ಕೈಬಿಟ್ಟ. ಹೋಗುವಾಗ ನನ್ನ ಕಿವಿಯ ಬಳಿ ಬಗ್ಗಿ, "ಇಲ್ಲೀತನಕ ಬಂದೋನಿಗೆ ನಿಮ್ಮನೆ ದೂರಾನಾ?" ಎಂದ.

ಮಗಳ ಮೊಣಕೈ ಮೇಲೆ ಅವನ ಬೆರಳ ಗುರುತು ಕೆಂಪಗೆ ಮೂಡಿತ್ತು. ಆ ವಾರವೇ ಮನೆ ಖಾಲಿ ಮಾಡಿದೆವು. ಅವಳ ಶಾಲೆ ಬದಲಾಯಿತು. ಮೆಟ್ಟಿಲ ಮೇಲೆ ಯಾರದೇ ಹೆಜ್ಜೆ ಕೇಳಿದರೂ ಮೂವರೂ ಮಾತು ನಿಲ್ಲಿಸುತ್ತೇವೆ.

ನಿನ್ನ ಮನೆಯವರೆಲ್ಲ ಚೆನ್ನಾಗಿರಲಿ, ಚಳಿಗಾಲದೊಳಗೆ ನಿನ್ನ ಎದೆ ಹಗುರಾಗಲಿ.

ನಿನ್ನ ತಂಗಿ,
ಯುನ್‌ಶಿಯಾ

ಮರೆತ ಮಾತು: ನಾವು ಆ ದಿನ ಲಾಂಗ್‌ಜೊಂಗ್‌ಗೆ ಹೋಗುವುದನ್ನು ನಾನು ಹೇಳಿದ್ದು ನಿನಗೊಬ್ಬಳಿಗೇ. ಅಂದು ಮುರಿದ ಕೈ ಹಿಡಿದುಕೊಂಡು ನಾನು ಬಂದಾಗ ಬಾಗಿಲು ತೆರೆದವಳು ನೀನು. ಅವನು ನಿನ್ನನ್ನು ಹೆದರಿಸಿ ಬಾಯಿ ಬಿಡಿಸಿದನೋ, ಕೈಮುಗಿದು ಅತ್ತು ಕರಗಿಸಿದನೋ, ನನಗೆ ತಿಳಿಯದು. ಹೊಸ ವಿಳಾಸ ಬರೆಯಲು ಹೋದರೆ ಕೈ ಮುಂದೆ ಸಾಗುತ್ತಿಲ್ಲ. ಅವನಿಗೆ ಹೆದರಿ ನನಗೆ ರೂಢಿಯಾಗಿದೆ. ನಿನಗೆ ಹೆದರುವುದು ಹೇಗೆಂದು ಇನ್ನೂ ಗೊತ್ತಾಗುತ್ತಿಲ್ಲ, ಅಕ್ಕ.