ಹನ್ನೊಂದನೆಯವಳ ತಪ್ಪು

ಬುಧವಾರ, ಮಧ್ಯಾಹ್ನ
ಅಡುಗೆಮನೆಯ ಮೇಜು

ಮಹಿಳಾ ಫುಟ್‌ಬಾಲ್ ತಂಡದ ಮಾನ್ಯ ಕೋಚ್ ಅವರಿಗೆ, ಬಿಡುವಿದ್ದರೆ ನನ್ನ ಹೆಂಡತಿಗೂ,

ಫೋನ್ ಮಾಡಬಹುದಿತ್ತು. ಆದರೆ ಶಿಬಿರ ಶುರುವಾದ ದಿನವೇ ಎಲ್ಲರ ಫೋನುಗಳನ್ನೂ, ನಿನ್ನದನ್ನೂ ಸೇರಿಸಿ, ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವ ಶಿಸ್ತಿನ ಸಿಪಾಯಿ ನೀನು. ಹಾಗಾಗಿ ಮದುವೆಯಾದ ಮೇಲೆ ಮೊದಲ ಸಲ ನಿನಗೆ ಪತ್ರ ಬರೆಯುತ್ತಿದ್ದೇನೆ. ಪ್ರೇಮಪತ್ರವೆಂದು ಭ್ರಮಿಸಬೇಡ. ತಲೆ ಕೆಟ್ಟು ಬರೆಯುತ್ತಿರುವುದು.

ನಮ್ಮ ಮಗಳು, ಅಂದರೆ ನಿಮ್ಮ ಗೋಲ್‌ಕೀಪರ್, ಭಾನುವಾರದ ಪಂದ್ಯ ಸೋತ ಮೇಲೆ ಶಿಬಿರಕ್ಕೆ ಮರಳದೆ ನೇರ ಇಲ್ಲಿಗೆ ಬಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಾಳೆ. ಬರುವ ಭಾನುವಾರ ಕೊನೆಯ ಪಂದ್ಯ, ಅದನ್ನು ಗೆಲ್ಲದಿದ್ದರೆ ತಂಡ ಕೆಳಗಿನ ವಿಭಾಗಕ್ಕೆ ಜಾರುತ್ತದೆ ಎಂಬುದು ಕನ್ನಡಕ ಮಾರಿ ಬದುಕುವ ನನಗೂ ಗೊತ್ತು. ಅವಳು ಆಡುವುದಿಲ್ಲವಂತೆ. ಈ ಭಾನುವಾರವಷ್ಟೇ ಅಲ್ಲ, ಇನ್ನು ಎಂದೂ. ಕೈಗವಸುಗಳನ್ನು ಬಾಗಿಲಾಚೆಯ ಕಸದ ಬುಟ್ಟಿಗೆ ಎಸೆದಿದ್ದಳು. ನಾನು ತೆಗೆದು ಕೋಣೆಯ ಹೊಸ್ತಿಲ ಮೇಲಿಟ್ಟೆ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಮತ್ತೆ ಬುಟ್ಟಿಯಲ್ಲಿ. ನಮ್ಮಿಬ್ಬರ ಈ ಪಂದ್ಯ ಇನ್ನೂ ನಡೆಯುತ್ತಿದೆ. ಸದ್ಯಕ್ಕೆ ಸಮ.

ಪಂದ್ಯ ಮುಗಿದ ಮೇಲೆ ಪತ್ರಿಕೆಯವರೆದುರು ನೀನು ಕೂರುವ ಠೀವಿಯನ್ನು ನಾನು ಹಿಂದಿನ ಸಾಲಿನಿಂದ ಬಹಳ ಸಲ ಕಣ್ತುಂಬಿಕೊಂಡಿದ್ದೇನೆ. ಸ್ಟ್ರೈಕರ್ ಪೆನಾಲ್ಟಿಯನ್ನು ಕಾರು ನಿಲ್ಲಿಸುವ ಜಾಗಕ್ಕೆ ಒದ್ದಳು. ಅವಳ ಮೇಲೆ ಆ ಭಾರ ಹೊರಿಸಿದ್ದೇ ನನ್ನ ತಪ್ಪು ಅಂದೆ ನೀನು. ಎಡಗಡೆಯ ಬ್ಯಾಕ್ ಚೆಂಡನ್ನು ತಲೆಯಿಂದ ನಮ್ಮದೇ ಗೋಲಿಗೆ ಹೊಡೆದಳು. ಅವಳನ್ನು ಅಲ್ಲಿ ನಿಲ್ಲಿಸಿದವಳು ನಾನೇ ಅಂದೆ. ಕ್ಯಾಪ್ಟನ್ ರೆಫರಿಯ ವಂಶವನ್ನೆಲ್ಲ ಜಾಲಾಡಿ ಕೆಂಪು ಕಾರ್ಡು ಪಡೆದಳಲ್ಲ, ಅದೂ ನಿನ್ನ ತರಬೇತಿಯ ಕೊರತೆಯಾಯಿತು. ಎಂಥ ದೊಡ್ಡ ಮನಸ್ಸು ಸಾರ್ ನಿಮ್ಮ ಮನೆಯವರದು ಎಂದು ಗಿರಾಕಿಗಳು ಹೊಗಳಿ, ಆ ಬಿಸಿಯಲ್ಲೇ ಫ್ರೇಮಿಗೆ ರಿಯಾಯಿತಿ ಕೇಳುತ್ತಿದ್ದರು. ಅದೇ ದೊಡ್ಡ ಮನಸ್ಸಿನವಳು ಒಲೆಯ ಮುಂದೆ ತಾನೇ ನಿಂತಿದ್ದಾಗ ಹಾಲು ಉಕ್ಕಿದರೂ ಹೊಣೆ ನನ್ನದು. ಇರಲಿ, ಅದು ಬೇರೆ ಟೂರ್ನಿ.

ಭಾನುವಾರ ಏನಾಯಿತು ಕಣೇ ನಿನಗೆ? ಆ ದಪ್ಪ ಗಾಜಿನ ಕನ್ನಡಕದ ವರದಿಗಾರ, ನನ್ನದೇ ಗಿರಾಕಿ, ಗೋಲಿನ ಬಗ್ಗೆ ಕೇಳಿದ್ದೇ ತಡ, ಅದು ಪೂರ್ತಿ ಗೋಲ್‌ಕೀಪರಿನ ತಪ್ಪು, ಇಂಥ ತಪ್ಪು ಮಾಡುವವರಿಗೆ ಈ ಮಟ್ಟದಲ್ಲಿ ಜಾಗವಿಲ್ಲ ಎಂದುಬಿಟ್ಟೆ. ಅವಳು ಬಾಗಿಲಲ್ಲೇ ನಿಂತಿದ್ದಳು. ನಿನಗೆ ಕಾಣಿಸಿತ್ತು.

ಕಾರಣ ನನಗೆ ತಿಳಿಯದ್ದಲ್ಲ. ಸ್ವಂತ ಮಗಳನ್ನು ತಂಡಕ್ಕೆ ತೆಗೆದುಕೊಂಡ ದಿನದಿಂದ ಜನ ಏನಂದಾರೋ ಎಂಬ ಅಳುಕು ನಿನ್ನನ್ನು ಬಿಟ್ಟಿಲ್ಲ. ಅದಕ್ಕೇ ಉಳಿದ ಹತ್ತು ಜನರಿಗೆ ತಾಯಿಯಾದೆ, ಇವಳೊಬ್ಬಳಿಗೆ ಕೋಚ್ ಆದೆ. ಹತ್ತು ಜನರ ತಪ್ಪು ನಿನ್ನದು, ಹನ್ನೊಂದನೆಯವಳದು ಮಾತ್ರ ಅವಳದೇ.

ಅದಾದರೂ ಅವಳದೇನು? ಗೋಲ್‌ಕೀಪರ್ ಚೆಂಡನ್ನು ಎತ್ತಿ ದೂರ ಒದೆಯಕೂಡದು, ಎದುರಾಳಿ ಮೈಮೇಲೆ ಬಿದ್ದರೂ ನೆಲದ ಮೇಲೇ ಪಕ್ಕದವಳಿಗೆ ಪಾಸ್ ಕೊಡಬೇಕು ಎಂಬ ಕಾನೂನು ಯಾರದು? ಸಂಜೆಸಂಜೆ ನಮ್ಮ ಹಜಾರದಲ್ಲಿ ಸೋಫಾ ಸರಿಸಿ ಅವಳಿಗೆ ಅದನ್ನೇ ಅಭ್ಯಾಸ ಮಾಡಿಸಿದೆಯಲ್ಲ, ಆಗ ಮೈಮೇಲೆ ಬೀಳುವ ಎದುರಾಳಿ ನಾನೇ ಆಗಿದ್ದೆ! ಹೆದರಿ ಒದ್ದವಳು ಬೆಂಚಿಗೆ ಎಂದು ನೀನು ಗದರಿದ್ದನ್ನು ಈ ಎರಡು ಕಿವಿಗಳು ಕೇಳಿವೆ. ಭಾನುವಾರ ನಿಜವಾದ ಎದುರಾಳಿ ನುಗ್ಗಿದಳು. ಇವಳು ಹೇಳಿಸಿಕೊಂಡಂತೆಯೇ ಪಕ್ಕಕ್ಕೆ ಕೊಟ್ಟಳು. ಆಕೆ ನಡುವೆ ಕಾಲು ಹಾಕಿ ಕಸಿದು ಗೋಲು ಹೊಡೆದಳು. ನಿನ್ನ ಮಾತು ಮೀರಿ ಒದ್ದಿದ್ದರೆ ಪಂದ್ಯ ಉಳಿಯುತ್ತಿತ್ತು.

ಇದನ್ನು ಅಲ್ಲೇ ಪತ್ರಿಕೆಯವರೆದುರು ಯಾಕೆ ಹೇಳಲಿಲ್ಲವೆಂದು ನಿನ್ನೆ ಮುಚ್ಚಿದ ಬಾಗಿಲನ್ನೇ ಕೇಳಿದೆ. ಒಳಗಿನಿಂದ ದನಿ ಬಂತು: "ಹೇಳಿದ್ರೆ ಅಮ್ಮನ ಕೆಲಸ ಹೋಗುತ್ತಪ್ಪ. ಕ್ಲಬ್ಬಿನವರು ಒಂದು ನೆಪಕ್ಕೆ ಕಾಯ್ತಾ ಇದ್ದಾರೆ."

ನಾನು ಹೋಗಿ ಕೈಗವಸುಗಳನ್ನು ಬುಟ್ಟಿಯಿಂದ ತೆಗೆದು ಮತ್ತೆ ಹೊಸ್ತಿಲ ಮೇಲಿಟ್ಟೆ.

ನೀನು ಕ್ಯಾಪ್ಟನ್ನಿಗಾಗಿ ಹೇಳಿದಷ್ಟು ದೊಡ್ಡ ಸುಳ್ಳನ್ನು ಇವಳಿಗಾಗಿ ಹೇಳಬೇಕಿಲ್ಲ. ಇವಳಿಗೆ ಬರೀ ನಿಜ ಸಾಕು. ಒಂದು ಸಂಜೆ ಆ ಸೀಟಿ, ಬೆವರು, ಬಿಲ್ಲೆಗಳನ್ನೆಲ್ಲ ಬಿಟ್ಟು ಬಂದು ಈ ಬಾಗಿಲು ತಟ್ಟು. ನಾನು ತಟ್ಟಿ ತಟ್ಟಿ ಸೋತಿದ್ದೇನೆ, ಮತ್ತು ಇವಳು ಕಾಯುತ್ತಿರುವುದು ನನ್ನ ಸದ್ದಿಗಲ್ಲ.

ಇತಿ,
ಹಜಾರದ ಪಂದ್ಯಗಳಲ್ಲಿ ಮೊಣಕಾಲು ಕಳೆದುಕೊಂಡ
ನಿನ್ನ ಗಂಡ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಆ ವರದಿಗಾರನ ಫೋನ್ ಬಂತು. ಮಗಳನ್ನು ತಂಡದಿಂದ ಕೈಬಿಡುತ್ತಾರಂತೆ, ಹೌದೇ ಎಂದ. ಸಿಟ್ಟು ನೆತ್ತಿಗೇರಿತು. ಆ ಪಾಸು ನಿನ್ನದೇ ಕಾನೂನೆಂದು ಎಲ್ಲ ಒದರಿಬಿಟ್ಟೆ. ನಾಳೆಯ ಪತ್ರಿಕೆಯಲ್ಲಿ ಬರುತ್ತದೆ. ಅಷ್ಟರಲ್ಲಿ, ನನಗೆ ತೆರೆಯದ ಆ ಬಾಗಿಲು ದಢಾರನೆ ತೆರೆಯಿತು. "ಅಮ್ಮನ ಬಗ್ಗೆ ಹೊರಗಿನವರ ಹತ್ರ ಹೇಳೋಕೆ ನೀನ್ಯಾರಪ್ಪ?" ಎಂದಳು. ನಾಳೆ ಕ್ಲಬ್ಬಿನವರು ನಿನ್ನನ್ನು ಕರೆಸಿದಾಗ ಪಕ್ಕದಲ್ಲಿ ತಾನು ನಿಲ್ಲಬೇಕಂತೆ. ಚೀಲ ಹೆಗಲಿಗೇರಿಸಿ ಸಂಜೆಯ ಬಸ್ಸಿಗೆ ಹೊರಟಿದ್ದಾಳೆ. ಈ ಪತ್ರ ಅವಳ ಕೈಯಲ್ಲೇ ಬರುತ್ತಿದೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸರಿಯಾಗಿ ಉಂಡಿಲ್ಲ, ಮೊದಲು ಊಟ ಹಾಕು. ಆಮೇಲೆ ತಾಯಿ ಮಗಳು ಸೇರಿ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಬೇಕಿದ್ದರೆ ಪತ್ರಿಕೆಯವರೆದುರೇ. ಭಾನುವಾರ ಗೋಲಿನ ಹಿಂದೆ ಕೂತಿರುತ್ತೇನೆ, ಹುಡುಕುವ ಕಷ್ಟ ಇರುವುದಿಲ್ಲ.