ಹೆರಿಗೆ ನೋವಿಗೆ ದಿನ ಗೊತ್ತುಮಾಡಿದ ಸುತ್ತೋಲೆ

ಹೆರಿಗೆ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಹೆಂಗಸರನ್ನೆಲ್ಲ, ಅವರ ಸಕ್ಕರೆ ಹತೋಟಿಯಲ್ಲಿರಲಿ ಬಿಡಲಿ, ಮೂವತ್ತೆಂಟನೇ ವಾರ ತುಂಬಿದೊಡನೆ ದಾಖಲು ಮಾಡಿಕೊಂಡು ಔಷಧಿ ಕೊಟ್ಟು ನೋವು ಬರಿಸಬೇಕೆಂದು ತಾವು ಹೊರಡಿಸಿದ ಸುತ್ತೋಲೆಯ ಫಲಾನುಭವಿಗಳಲ್ಲಿ ನಾನೂ ಒಬ್ಬಳು. ಇದರ ಬಗ್ಗೆ ತಮಗೆ ಕೊಟ್ಟ ದೂರಿಗೆ, "ತಮ್ಮ ಅನಿಸಿಕೆಯನ್ನು ಗಮನಿಸಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂತು. ಯಾರು ಗಮನಿಸಿದರು, ಗಮನಿಸಿ ಏನು ಮಾಡಿದರು ಎಂಬುದು ಅದರಲ್ಲಿರಲಿಲ್ಲ. ಹಾಗಾಗಿ ಈಗ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಏನಾದರೂ ಬದಲಾದೀತೆಂಬ ಭ್ರಮೆಯಿಂದಲ್ಲ.

ನಾನು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಗಾಜಿನ ಹಿಂದೆ ಕೂತು ಮಾಡುವ ಕೆಲಸ. ಸಕ್ಕರೆ ಹೆಚ್ಚಿದೆಯೆಂದು ಗೊತ್ತಾದಾಗ ತಮ್ಮದೇ ಆಸ್ಪತ್ರೆಯ ಹಿರಿಯ ವೈದ್ಯೆಯೊಬ್ಬರು ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಊಟದಲ್ಲಿ, ನಡಿಗೆಯಲ್ಲೇ ಅದು ಹತೋಟಿಗೆ ಬಂದರೆ, ಮಗು ಅಳತೆ ಮೀರಿ ಬೆಳೆಯದಿದ್ದರೆ, ನೋವು ತಾನಾಗಿ ಬರುವವರೆಗೆ ಕಾಯಬಹುದು, ಓಡಾಡಿಕೊಂಡೇ ಹೆರಬಹುದು ಎಂದರು. "ನಿಮ್ಮ ಕೈಲಾಗೋದನ್ನ ನೀವು ಮಾಡಿ, ಉಳಿದಿದ್ದು ನಾವು ನೋಡ್ಕೋತೀವಿ" ಎಂದರು. ನಂಬಿದೆ.

ಊಟವಾದೊಡನೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಪಕ್ಕದ ಕಿಟಕಿಯ ಗೆಳತಿ ನನ್ನ ಸಾಲನ್ನೂ ತಾನೇ ಸಂಭಾಳಿಸುತ್ತಿದ್ದಳು. ಕಾದವರ ಬೈಗುಳವೂ ಅವಳ ಪಾಲಿಗೇ. ಸಕ್ಕರೆ ಪರೀಕ್ಷೆಗೆ ಸೂಜಿ ಚುಚ್ಚಿದ ಬೆರಳಲ್ಲಿ ಚಿಲ್ಲರೆ ಎಣಿಸುವಾಗ ಚುರುಚುರು ಎನ್ನುತ್ತಿತ್ತು. ಮನೆಯಲ್ಲಿ ನನ್ನ ತಟ್ಟೆಯ ಅನ್ನ ಒಂದು ಹಿಡಿಗೆ ಇಳಿಯಿತು. ನನ್ನ ಕಣ್ಣಿಗೆ ಬೀಳಬಾರದೆಂದು ಅತ್ತೆ ಸಕ್ಕರೆ ಡಬ್ಬಿಯನ್ನು ಬಟ್ಟೆಯ ಬೀರುವಿನಲ್ಲಿ ಅಡಗಿಸಿಟ್ಟು, ಚಹಾಕ್ಕೆ ಬೇಕಾದಾಗ ಬಾಗಿಲು ಮುಂದೆ ಮಾಡಿಕೊಂಡು ತೆಗೆಯುತ್ತಿದ್ದರು. ಅವರ ಬಟ್ಟೆಗಳಿಗೆಲ್ಲ ಇರುವೆ ಮುತ್ತಿದ ದಿನ ಮನೆಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಕ್ಕರೆ ಹತೋಟಿಗೆ ಬಂತು, ಕೊನೆಯವರೆಗೂ ಅಲ್ಲೇ ನಿಂತಿತು. ಮಗುವಿನ ಬೆಳವಣಿಗೆಯೂ ಹದವಾಗಿತ್ತು.

ಅಷ್ಟರಲ್ಲಿ ಆ ವೈದ್ಯೆಗೆ ವರ್ಗವಾಯಿತು, ತಮ್ಮ ಸುತ್ತೋಲೆ ಬಂತು. ಹೊಸದಾಗಿ ಬಂದ ತರುಣ ವೈದ್ಯರು ನನ್ನ ವರದಿಗಳನ್ನು ನೋಡಿ, ಎಲ್ಲ ಸರಿಯಾಗಿದೆ, ನಾಳೆಯೇ ಸೇರಿಕೊಳ್ಳಿ ಎಂದರು. ಎಲ್ಲ ಸರಿಯಿದ್ದರೆ ಸೇರುವುದೇಕೆ ಎಂದು ಕೇಳಿದೆ.

"ನಾನಾಗಿದ್ರೆ ಕಾಯ್ತಿದ್ದೆ, ಅಮ್ಮಾ. ಆದ್ರೆ ಸುತ್ತೋಲೆ ಇದೆ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೊಟ್ಟೆ ಹೊತ್ತು ಕೂತವಳು ನಾನಾಗಿರುವಾಗ ಅಲ್ಲಿ ನಡೆಯುತ್ತಿದ್ದದ್ದು ಯಾರ ಕುತ್ತಿಗೆಯ ಉಪಚಾರ? ಸೇರುವುದಿಲ್ಲವೆಂದರೆ, ಮಗುವಿಗೆ ಏನಾದರೂ ಆದಲ್ಲಿ ನಾನೇ ಹೊಣೆಯೆಂದು ಬರೆದುಕೊಡಬೇಕಿತ್ತು. ಯಾವ ತಾಯಿ ಬರೆದುಕೊಟ್ಟಾಳು? ಇದಕ್ಕೆ ತಮ್ಮ ಕಚೇರಿಯ ಭಾಷೆಯಲ್ಲಿ ಒಪ್ಪಿಗೆ ಎನ್ನುತ್ತಾರಂತೆ.

ಔಷಧಿ ಕೊಟ್ಟರು, ಡ್ರಿಪ್ ಹಾಕಿದರು, ಹೊಟ್ಟೆಗೆ ಪಟ್ಟಿ ಬಿಗಿದು ಮಗುವಿನ ಎದೆಬಡಿತ ನೋಡುವ ಯಂತ್ರಕ್ಕೆ ಸೇರಿಸಿದರು. ತಿಂಗಳುಗಟ್ಟಲೆ ನಡೆಯಿರಿ ನಡೆಯಿರಿ ಎಂದ ಆಸ್ಪತ್ರೆಯೇ ಈಗ ಮಂಚದಿಂದ ಇಳಿಯಬಾರದೆಂದಿತು. ಗಂಡನನ್ನು ಹೊರಗೆ ಕೂರಿಸಿದರು. ಸಕ್ಕರೆ ಕಾಯಿಲೆಯವರೇ ತುಂಬಿದ್ದ ಆ ಕೋಣೆಗೆ ಬೆಳಗ್ಗೆ ಬಂದದ್ದು ಸಿಹಿ ಚಹಾ, ಸಿಹಿ ಬಿಸ್ಕತ್ತು. ತಮ್ಮ ಕಾಳಜಿ ಅಡುಗೆಮನೆಯವರೆಗೆ ತಲುಪಿರಲಿಲ್ಲವೆಂದು ಕಾಣುತ್ತದೆ. ನೋವೇನೋ ಬಂತು, ಗರ್ಭದ ಬಾಯಿ ತೆರೆಯಲಿಲ್ಲ. ಮಾರನೆಯ ದಿನ ಮಗುವಿನ ಎದೆಬಡಿತ ಇಳಿಯತೊಡಗಿತು, ಕೊಯ್ದು ತೆಗೆದರು. ಆ ಹೊತ್ತಿಗೆ ಅದು ಬೇಕೇ ಇತ್ತು. ಕೊಯ್ದವರಿಗೆ ನಾನು ಋಣಿ. ನನ್ನ ತಕರಾರು ಆ ಹೊತ್ತನ್ನು ಕರೆತಂದವರ ಮೇಲೆ. ಮಗಳ ಉಸಿರಾಟ ಏರುಪೇರಾಗಿದೆಯೆಂದು ನಿಗಾ ಕೋಣೆಗೆ ಒಯ್ದರು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗುವವರೆಗೆ ಅವಳು ನನ್ನ ಕೈಗೆ ಬರಲಿಲ್ಲ.

ಮಗು ಚೆನ್ನಾಗಿದೆಯಲ್ಲ, ಇನ್ನೇನು ಎಂದು ಎಲ್ಲರೂ ಕೇಳುತ್ತಾರೆ. ಚೆನ್ನಾಗಿದೆ. ಅಲ್ಲಿಗೆ ನನ್ನ ಮಾತಿನ ಬೆಲೆ ಮುಗಿಯಿತು.

ಈಗ ನನ್ನ ನಾದಿನಿ ಬಸುರಿ. ಹೋದ ವಾರ ಅವಳಿಗೂ ಸಕ್ಕರೆ ಇದೆಯೆಂದು ಗೊತ್ತಾಯಿತು. ನಮ್ಮ ಸುತ್ತಮುತ್ತ ಹೆರಿಗೆಗೆ ತಮ್ಮ ಆಸ್ಪತ್ರೆ ಬಿಟ್ಟರೆ ಇನ್ನೊಂದಿಲ್ಲ. ಪಥ್ಯ ಹೇಳಿಕೊಡೋಣವೆಂದು ಅವಳ ಮನೆಗೆ ಹೋದೆ. ತಟ್ಟೆಯ ಮುಂದೆ ಕೂತಿದ್ದಳು.

"ಅತ್ತಿಗೆ, ನೀವು ಅಷ್ಟೆಲ್ಲ ಮಾಡಿದ್ರಲ್ಲ, ಏನು ಸಿಕ್ತು? ಹೇಗೂ ಅವ್ರು ಹೇಳಿದ ದಿನ ಹೋಗಿ ಮಲಗೋದೇ ಆದ್ರೆ ನಾನ್ಯಾಕೆ ಬಾಯಿ ಕಟ್ಟಲಿ?"

ಮಗುವಿಗೋಸ್ಕರ ಎಂದೆ. ಅದು ಸುಳ್ಳಲ್ಲ. ಆದರೂ ನನ್ನ ದನಿ ನನಗೇ ಟೊಳ್ಳಾಗಿ ಕೇಳಿಸಿತು. ಅವಳು ತಲೆಯಾಡಿಸಿ ಇನ್ನೊಂದು ಸೌಟು ಅನ್ನ ಬಡಿಸಿಕೊಂಡಳು.

ಅಧೀಕ್ಷಕರೇ, ಆ ಸುತ್ತೋಲೆಯನ್ನು ಹಿಂಪಡೆಯಿರಿ. ಯಾರಿಗೆ ನೋವು ಬರಿಸಬೇಕು, ಯಾರ ವಿಷಯದಲ್ಲಿ ಕಾಯಬೇಕು ಎಂಬುದನ್ನು ಬಸುರಿಯನ್ನು ಪರೀಕ್ಷಿಸಿದ ವೈದ್ಯರೇ, ಅವಳನ್ನೂ ಒಂದು ಮಾತು ಕೇಳಿ, ತೀರ್ಮಾನಿಸಲಿ. ಇದಾಗುವುದಿಲ್ಲವೆಂದು ನನಗೆ ಗೊತ್ತು. ಆಗದಿದ್ದರೆ ನಾನು ಕೊಡಲಾಗದ ಉತ್ತರವನ್ನು ತಾವಾದರೂ ಕೊಡಿ. ಮುಂದಿನ ತಪಾಸಣೆಯ ದಿನ ನನ್ನ ನಾದಿನಿ ತಮ್ಮ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತಿರುತ್ತಾಳೆ. ಬಾಗಿಲು ತೆರೆದು ಹೊರಗೆ ಬನ್ನಿ. ಅವಳು ಯಾಕೆ ಬಾಯಿ ಕಟ್ಟಬೇಕು ಎಂಬುದನ್ನು ಅವಳ ಮುಖ ನೋಡಿ ಹೇಳಿ.

ಇಂತಿ,
ತಾನಾಗಿ ಹೆರಲು ತಮ್ಮ ಅಪ್ಪಣೆ ಸಿಗದೆ ಹೋದ
ಒಬ್ಬ ಟಿಕೆಟ್ ಗುಮಾಸ್ತೆ